ಚಿಕ್ಕಮ್ಮಂದಿರ ಮನೆ: ನಲವತ್ತೆರಡನೆಯ ಹಾಳೆ

ಕಥೆ ಹೇಳುವವರ ಬಾಯಲ್ಲಿ ಇನ್ನೂ ಹಲ್ಲಿದ್ದ ಕಾಲದಲ್ಲಿ, ಕೇಳುವವರಿಗೂ ಪುರುಸೊತ್ತಿದ್ದ ಕಾಲದಲ್ಲಿ, ಒಂದು ಮನೆಯಿತ್ತಂತೆ. ಆ ಮನೆಯ ಬಾಗಿಲಿಗೆ ಅಗಳಿ ಇರಲಿಲ್ಲವಂತೆ. ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡನೇ ಇಲ್ಲದೆ ಬಸುರಾದವಳು, ಯಾರು ಬಂದು ತಳ್ಳಿದರೂ ತೆರೆದುಕೊಳ್ಳುತ್ತಿತ್ತಂತೆ. ಒಳಗೆ ಒಬ್ಬ ದೊಡ್ಡಮ್ಮ. ಬಂದವಳ ಕೈಗೆ ಅವಳು ಮೊದಲು ಒಂದು ಲೋಟ ನೀರು ಕೊಡುತ್ತಿದ್ದಳು, ಆಮೇಲೆ ಒಂದು ಸ್ಲೇಟು, ಆಮೇಲೆ ಒಂದು ಸೂಜಿ. ಓದಲು ಕಲಿತ, ಪುಸ್ತಕ ಹೊಲಿಯಲು ಕಲಿತ ಹೆಂಗಸು ಇನ್ನೊಬ್ಬರ ಹಂಗಿನಲ್ಲಿ ಬದುಕಬೇಕಾಗಿಲ್ಲ ಎಂದು ಊರೆಲ್ಲ ನಗುವಾಗ ಹೇಳಿದವಳು ಅವಳೊಬ್ಬಳೇ.

ಆ ಮನೆಗೆ ಇದ್ದದ್ದು ಒಂದೇ ಕಟ್ಟಳೆ. ಅಲ್ಲಿ ಯಾರೂ ಯಾರಿಗೂ ಅಮ್ಮನಲ್ಲ. ಪಕ್ಕದ ಚಾಪೆಯ ಮಗುವಿಗೆ ಅಮ್ಮನಿದ್ದು ತನಗಿಲ್ಲ ಎಂದು ಯಾವ ಮಗುವೂ ಅಳಬಾರದು, ಅದಕ್ಕೆ. ಹೆತ್ತವಳೂ ಚಿಕ್ಕಮ್ಮ, ಹೆರದವಳೂ ಚಿಕ್ಕಮ್ಮ. ಬಾವಿಯ ಹತ್ತಿರ ಇರುವವಳು ನೀರಿನ ಚಿಕ್ಕಮ್ಮ, ಒಲೆಯ ಹತ್ತಿರ ಇರುವವಳು ಒಲೆ ಚಿಕ್ಕಮ್ಮ, ಪುಸ್ತಕಕ್ಕೆ ಅಂಟು ಕಾಯಿಸುವವಳು ಅಂಟಿನ ಚಿಕ್ಕಮ್ಮ. ಹೀಗೆ ಆ ಮನೆಯಲ್ಲಿ ದೊಡ್ಡಮ್ಮನಿದ್ದಳು, ಹನ್ನೊಂದು ಮಂದಿ ಚಿಕ್ಕಮ್ಮಂದಿರಿದ್ದರು, ನಡುವೆ ಇರಬೇಕಾದವಳೊಬ್ಬಳು ಮಾತ್ರ ಇರಲಿಲ್ಲ.

ಈಗ ಆ ಮನೆ ಮ್ಯೂಸಿಯಂ. ಮಂಗಳವಾರ, ಮಧ್ಯಾಹ್ನ ಮೂರೂ ಕಾಲು. ಗಾಜು ತೆಗೆದಿಟ್ಟ ಪೆಟ್ಟಿಗೆಯ ಮೇಲೆ ಬಾಗಿ ಒಬ್ಬ ಹೆಂಗಸು ಆ ಮನೆಗೆ ಬಂದವರ ಹಳೆಯ ದಾಖಲೆ ಪುಸ್ತಕದ ಬೆನ್ನನ್ನು ನೋಡುತ್ತಿದ್ದಳು. ಪೊಲೀಸ್ ಇಲಾಖೆಯ ದಸ್ತಾವೇಜು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಸಹಿ, ಶಾಯಿ, ತಿದ್ದುಪಡಿಗಳನ್ನು ನೋಡಿ ನೋಡಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು ಬಿದ್ದಿತ್ತು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ.

ನಲವತ್ತೊಂದನೆಯ ಹಾಳೆಯ ಮುಂದೆ ನಲವತ್ತಮೂರು ಇದೆ ಎಂಬುದನ್ನು ಅವಳು ಹೋದ ವಾರ ಗಾಜಿನ ಮೇಲಿನಿಂದಲೇ ಕಂಡುಹಿಡಿದಿದ್ದಳು. ಕಿತ್ತವರು ಯಾರು ಎಂಬುದು ಉಳಿದಿತ್ತು. ಇವತ್ತು ಗಾಜು ತೆಗೆದು ಧೂಳು ಒರೆಸುವ ದಿನ. ಆಸ್ಪತ್ರೆಯಲ್ಲಿ ಹೊರಗಿನವರನ್ನು ಒಳಗೆ ಬಿಡುವುದು ಸಂಜೆ ಆರರವರೆಗೆ. ನಾಳೆ ಬೆಳಿಗ್ಗೆ ಏಳಕ್ಕೆ ಕಾಜಾ ಅಜ್ಜಿಯ ಎದೆಯ ಆಪರೇಷನ್.

ಕಾಜಾ ಅಜ್ಜಿಗೆ ಎಪ್ಪತ್ತೆರಡು. ಐದಾರು ಟೈಲರ್ ಅಂಗಡಿಗಳಿಗೆ ಅರ್ಧ ಶತಮಾನ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿಕೊಟ್ಟವಳು. ಹುಟ್ಟಿದ್ದು ಈ ಮನೆಯಲ್ಲೇ. ಎರಡು ವಾರದ ಹಿಂದೆ ಆಸ್ಪತ್ರೆಯ ಅರ್ಜಿ ಹಿಡಿದು ಭೂತಗನ್ನಡಿ ಈಗ ಹಳೆಯ ಕಾಗದ ಪರೀಕ್ಷಿಸಿಕೊಡುವ ಕೋಣೆಗೆ ಬಂದು, ತಾಯಿಯ ಹೆಸರು ಎಂದಿದ್ದ ಕಡೆ ಬೆರಳಿಟ್ಟು, ಈ ಜಾಗಕ್ಕೆ ಬಂದಾಗೆಲ್ಲ ಒಂದು ಗೀಟು ಎಳೆದೇ ಜೀವನ ಕಳೆಯಿತು ಎಂದಿದ್ದಳು.

"ಒಳಗೆ ಹೋದವಳು ವಾಪಸ್ ಬರ್ತೀನೋ ಇಲ್ವೋ. ಹೋಗೋಕೆ ಮುಂಚೆ ಒಂದ್ಸಲ ಅವಳನ್ನ ಕರೀಬೇಕು ಕಣಮ್ಮ. ಹೆಸರು ಗೊತ್ತಿಲ್ದೆ ಹೇಗೆ ಕರೀಲಿ?"

ಹೇಳ್ತೀನಿ ಅಜ್ಜಿ, ನಿಮ್ಮ ಕಿವೀಲೇ ಹೇಳ್ತೀನಿ ಎಂದು ಭೂತಗನ್ನಡಿ ಮಾತು ಕೊಟ್ಟಿದ್ದಳು. ಯಾಕೆ ಹಾಗೆ ದಿಢೀರನೆ ಕೊಟ್ಟೆ ಎಂದು ಅಂದು ಸಂಜೆಯೆಲ್ಲ ತನ್ನನ್ನೇ ಕೇಳಿಕೊಂಡಳು. ಉತ್ತರ ಹೇಳಲು ಮನೆಯಲ್ಲಿ ಬೇರೆ ಯಾರಿದ್ದರು? ಅವಳ ಮನೆಯಲ್ಲಿ ಸದ್ದು ಮಾಡುವುದು ಗೋಡೆ ಗಡಿಯಾರ ಒಂದೇ, ಅದೂ ಹತ್ತು ನಿಮಿಷ ಹಿಂದೆ.

ಬಾಗಿಲಲ್ಲಿ ಟಿಕೆಟ್ ಮಾಮ ಕೂತಿದ್ದ. ಮೂವತ್ತು ವರ್ಷದಿಂದ ಟಿಕೆಟ್ ಹರಿಯುವವನು. ಹೋದ ವಾರ ಎಷ್ಟು ಜನ ಬಂದರು ಎಂದು ಅವಳು ಬರುವಾಗ ಕೇಳಿದ್ದಕ್ಕೆ, ನಾಲ್ಕು ಜನ ಎಂದಿದ್ದ. ಇಬ್ಬರು ದಾರಿ ಕೇಳಲು, ಒಬ್ಬಳು ಬಿಸಿಲಿಗೆ ನಿಲ್ಲಲು, ಇನ್ನೊಬ್ಬರಿಗೆ ಶೌಚಾಲಯ ಬೇಕಿತ್ತು. "ಆದ್ರೂ ಆ ನಾಲ್ಕನೆಯವರು ಒಳ್ಳೆಯವರು. ಟಿಕೆಟ್ ತಗೊಂಡ್ರು."

ಅವನ ಮೇಲೆ ಅನುಮಾನ ಪಡಲು ಕಾರಣವಿತ್ತು, ಮ್ಯೂಸಿಯಂ ಮುಚ್ಚಿರುವ ಸೋಮವಾರ ಬೀಗದಕೈ ಅವನ ಹತ್ತಿರ ಇರುತ್ತದೆ. ಮ್ಯೂಸಿಯಂ ನಡೆಸುವ ಟ್ರಸ್ಟಿನ ಅಧ್ಯಕ್ಷರ ಮೇಲೆ ಇನ್ನೂ ಹೆಚ್ಚು. ದೊಡ್ಡಮ್ಮನ ತಮ್ಮನ ಮೊಮ್ಮಗ ಆತ. ಇಲ್ಲಿಗೆ ಬಂದವರೆಲ್ಲ ಗೌರವಸ್ಥ ವಿಧವೆಯರು ಎಂದು ಗೋಡೆಯ ಮೇಲೆ ಬರೆಸಿದವನು, ಬಸುರಾಗಿ ಬಂದವರ ಮಾತೆತ್ತಿದರೆ ಕೆಮ್ಮುವವನು. ಭೂತಗನ್ನಡಿ ಎರಡು ದಿನ ಅವನ ಬೆನ್ನು ಹತ್ತಿದ್ದಳು.

ಆದರೆ ಈ ನೂಲು ಬೇರೆಯೇ ಕಥೆ ಹೇಳುತ್ತಿತ್ತು.

ಇಡೀ ಪುಸ್ತಕದ ಹೊಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ನಲವತ್ತೊಂದು, ನಲವತ್ತಮೂರು ಇದ್ದ ಕಟ್ಟಿನಲ್ಲಿ ಮಾತ್ರ ನೂಲು ಬೆಳ್ಳಗಿತ್ತು. ಯಾರೋ ಹೊಲಿಗೆ ಬಿಚ್ಚಿ, ಒಂದು ಹಾಳೆ ತೆಗೆದು, ಮತ್ತೆ ಹೊಲಿದಿದ್ದಾರೆ. ಇಷ್ಟು ಸಲೀಸಾಗಿ ಹೊಲಿಯುವುದು ಟಿಕೆಟ್ ಮಾಮನ ಕೈಗಾಗಲಿ ಅಧ್ಯಕ್ಷರ ಉಂಗುರದ ಬೆರಳಿಗಾಗಲಿ ಸಾಧ್ಯವಿಲ್ಲ.

ಅವಳು ಮಸೂರ ಹತ್ತಿರ ತಂದಳು. ಹಳೆಯ ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ಪೇಟೆಯ ಯಾವ ಬೈಂಡರನ ಗಂಟೂ ಹಾಗಿರುವುದಿಲ್ಲ. ಹೊಸ ನೂಲಿನ ಗಂಟು?

ಅದೂ ಎಡಕ್ಕೇ.

ಅವಳು ತಲೆ ಎತ್ತಿದಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮ್ಯೂಸಿಯಂ ನೋಡಿಕೊಳ್ಳುವಾಕೆ ಕೂತಿದ್ದರು. ಎಪ್ಪತ್ತೆಂಟರ ಸಣಕಲು ದೇಹ, ಸೊಂಟದಲ್ಲಿ ಬೀಗದಕೈ ಗೊಂಚಲು. ಅವರೂ ಈ ಮನೆಯಲ್ಲೇ ಬೆಳೆದವರು, ದೊಡ್ಡಮ್ಮ ಹೋದ ಮೇಲೂ ಇಲ್ಲೇ ಉಳಿದವರು. ಟಿಕೆಟ್ ಮಾಮ ಇಂದಿಗೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಾನೆ. ಇರುವ ಕೊನೆಯ ಚಿಕ್ಕಮ್ಮ. ಹಳೆಯ ಕಂಬಳಿಗಳಿಗೆ ಅವರು ಸಂಖ್ಯೆ ಬರೆದ ಬಟ್ಟೆಯ ಚೀಟಿ ಹೊಲಿಯುತ್ತಿದ್ದರು.

ಭೂತಗನ್ನಡಿ ಒಂದು ಸ್ಟೂಲು ಎಳೆದುಕೊಂಡು ಅವರೆದುರು ಕೂತಳು. ಸೂಜಿ ಕಂಬಳಿಯೊಳಗೆ ಮುಳುಗಿ ಎದ್ದು ಮುಳುಗಿ ಎದ್ದು ಹೋಗುತ್ತಿತ್ತು.

"ಬೆಳಿಗ್ಗೆ ನನ್ನ ಅನುಮತಿ ಪತ್ರಕ್ಕೆ ಸಹಿ ಮಾಡಿದ್ದು ಬಲಗೈಲಿ," ಎಂದಳು.

"ಹೂಂ."

"ಸೂಜಿ ಎಡಗೈಲಿದೆ."

ಚಿಕ್ಕಮ್ಮ ನಕ್ಕರು. ಇದು ಈ ಮನೆಯ ಹಣೆಬರಹ ಎಂದರು. ದೊಡ್ಡಮ್ಮ ಎಡಚರು. ಸೂಜಿ ಹಿಡಿಯುವುದನ್ನು ಕಲಿತದ್ದು ಅವರ ಪಕ್ಕ ಕೂತು ಅವರನ್ನು ನೋಡಿ. ಅವರು ಹಿಡಿದ ಹಾಗೇ ಎಲ್ಲರೂ ಹಿಡಿದರು. ಎಲ್ಲರೂ ತನ್ನ ಹಾಗೇ ಹೊಲಿಯುವಾಗ ದೊಡ್ಡಮ್ಮನಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಹೊರಗೆ ಕೆಲಸಕ್ಕೆ ಹೋದ ಮೊದಲ ದಿನ ಟೈಲರುಗಳು ಬಿದ್ದು ಬಿದ್ದು ನಕ್ಕಾಗಲೇ ಹುಡುಗಿಯರಿಗೆ ಗೊತ್ತಾದದ್ದು, ಪ್ರಪಂಚ ಬೇರೆ ಕೈಯಲ್ಲಿ ಹೊಲಿಯುತ್ತದೆ ಎಂದು. ಅಷ್ಟು ಹೊತ್ತಿಗೆ ಬೆರಳು ಕಲಿತಾಗಿತ್ತು.

"ಕಾಜಾ ಅಜ್ಜಿ ಊಟ ಮಾಡೋದು ಬಲಗೈಲಿ, ಕಾಜಾ ಹಾಕೋದು ಎಡಗೈಲಿ," ಎಂದಳು ಭೂತಗನ್ನಡಿ. "ಎರಡು ವಾರದಿಂದ ನೋಡ್ತಾ ಇದೀನಿ. ಯಾಕೆ ಅಂತ ಕೇಳೋಕೆ ಹೊಳೀಲೇ ಇಲ್ಲ."

ಸೂಜಿ ಅರ್ಧದಲ್ಲಿ ನಿಂತಿತು.

"ನಲವತ್ತೆರಡನೇ ಹಾಳೆ ತೆಗೆದು ಮತ್ತೆ ಹೊಲಿದಿರೋ ಗಂಟು ಈ ಮನೆ ಗಂಟು. ಈ ಮನೇಲಿ ಕಲಿತ ಕೈಗಳಲ್ಲಿ ಉಳಿದಿರೋದು ಎರಡೇ ಜೋಡಿ. ಒಂದು ಜೋಡಿ ಆಸ್ಪತ್ರೆ ಮಂಚದ ಮೇಲಿದೆ. ಅದು ಯಾವತ್ತೂ ಈ ಗಾಜು ದಾಟಿಲ್ಲ."

ಚಿಕ್ಕಮ್ಮ ಕಂಬಳಿಯನ್ನು ನಿಧಾನಕ್ಕೆ ಮಡಚಿದರು, ಇನ್ನೊಮ್ಮೆ ಮಡಚಿದರು, ಮಡಚಲು ಜಾಗವಿಲ್ಲದಷ್ಟು ಚಿಕ್ಕದಾದ ಮೇಲೆ ತೊಡೆಯ ಮೇಲಿಟ್ಟುಕೊಂಡರು. ಅಳುತ್ತಾರೇನೋ ಎಂದು ಭೂತಗನ್ನಡಿಗೆ ಭಯವಾಯಿತು. ಅವರು ಅಳಲಿಲ್ಲ. ಇಷ್ಟು ದಿನ ಬಾಗಿಲು ತಟ್ಟಲಿ ಎಂದು ಕಾದವರ ಹಾಗೆ ಎದ್ದು ನಿಂತರು.

"ಮೂರು ತಿಂಗಳ ಹಿಂದೆ ಅವಳು ಬಂದಿದ್ಲು. ಗಾಜಿನ ಮೇಲೆ ಬೆರಳಿಟ್ಟು, ಇದರಲ್ಲಿ ನನ್ನಮ್ಮನ ಹೆಸರಿದೆಯಾ ಅಂತ ಕೇಳಿದ್ಲು. ಇಲ್ಲ ಅಂದ್ಬಿಟ್ಟೆ." ಕಂಬಳಿಯನ್ನು ಕುರ್ಚಿಯ ಮೇಲಿಟ್ಟು ಹೇಳಿದರು, "ಇಲ್ಲ ಅಂದ ಮೇಲೆ ಇಲ್ಲದ ಹಾಗೆ ಮಾಡಬೇಕಾಯ್ತು."

ಅವರು ಇರುವುದು ಮ್ಯೂಸಿಯಂನ ಹಿಂಬದಿಯ ಕೋಣೆಯಲ್ಲಿ. ಭೂತಗನ್ನಡಿ ಹಿಂದೆಯೇ ಹೋದಳು. ಒಂದು ಮಂಚ, ಒಂದು ತಟ್ಟೆ, ಬೋರಲು ಹಾಕಿದ ಒಂದು ಲೋಟ. ಕುರ್ಚಿಗಳು ಎರಡಿದ್ದವು, ಎರಡನೆಯದರ ಮೇಲೆ ಹಳೆಯ ಪತ್ರಿಕೆಗಳು ಬೆಳೆದು ನಿಂತಿದ್ದವು. ತನ್ನ ಮನೆಯಲ್ಲೂ ಎರಡನೆಯ ಕುರ್ಚಿಯ ಗತಿ ಇದೇ. ಅವಳು ನಿಂತೇ ಇದ್ದಳು.

ಚಿಕ್ಕಮ್ಮ ದಿಂಬಿನ ಚೀಲದೊಳಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಹಾಳೆ ತೆಗೆದರು. ಬರೆದದ್ದು ಒಂದೇ ಬದಿಗೆ. ಒಂದು ಹೆಣ್ಣಿಗೆ ಒಂದು ಹಾಳೆ ಎನ್ನುವುದು ದೊಡ್ಡಮ್ಮನ ಲೆಕ್ಕ. ಹಿಂಬದಿಯಲ್ಲಿ ಇನ್ನೊಬ್ಬಳ ದುಃಖ ಬರೆಯುತ್ತಿರಲಿಲ್ಲ.

ಭೂತಗನ್ನಡಿ ಮಸೂರ ಹಿಡಿದು ಮೊದಲು ಅಕ್ಷರ ನೋಡಿದಳು, ಆಮೇಲೆ ಓದಿದಳು. ಕೈಬರಹ ದೊಡ್ಡಮ್ಮನದೇ, ತಿದ್ದಿಲ್ಲ, ಕೆರೆದಿಲ್ಲ. ಸಂಖ್ಯೆ ನಲವತ್ತೆರಡು. ಅದರ ಕೆಳಗೆ ಹೆಸರು, ಮೂರೇ ಅಕ್ಷರದ್ದು. ವಯಸ್ಸು ಇಪ್ಪತ್ತನಾಲ್ಕು. ಏನು ಬರುತ್ತದೆ: ನೀರು ಸೇದಲು. ಏನು ಕಲಿಸಬೇಕು: ಎಲ್ಲ. ಜೊತೆಗೆ ಯಾರು: ಹೆಣ್ಣು ಮಗು, ಆರು ವರ್ಷ. ಇನ್ನೊಂದು ಹೊಟ್ಟೆಯಲ್ಲಿ.

"ಹೊಟ್ಟೇಲಿದ್ದವಳು ಕಾಜಾ ಅಜ್ಜಿ?"

"ಮೂರು ತಿಂಗಳಾದ ಮೇಲೆ ಆ ಮೂಲೆ ಕೋಣೇಲಿ ಹುಟ್ಟಿದ್ಲು. ಮೊದಲು ಅತ್ತಿದ್ದು ಕೇಳಿಸ್ಕೊಂಡವಳು ನಾನು. ಬಾಗಿಲ ಹೊರಗೆ ಕೂತಿದ್ದೆ."

ಭೂತಗನ್ನಡಿ ಆರು ವರ್ಷ ಎಂಬ ಅಕ್ಷರಗಳ ಮೇಲೆ ಮತ್ತೆ ಮಸೂರ ತಂದಳು. ನೋಡುವ ಅಗತ್ಯವಿರಲಿಲ್ಲ. ತಲೆ ಎತ್ತುವುದು ಕಷ್ಟವಾಗಿತ್ತು, ಅಷ್ಟೇ.

"ಹೌದು, ನಾನೇ," ಎಂದರು ಚಿಕ್ಕಮ್ಮ. "ಅದು ನನ್ನ ಹಾಳೆನೂ ಹೌದು."

ಆಮೇಲೆ ಅವರು ಬಹಳ ಹೊತ್ತು ಹೇಳಿದರು, ಗೋಡೆಗೆ ಹೇಳುವಂತೆ. ಮೂರು ದಿನ ನಡೆದು ಬಂದದ್ದು. ದಾರಿಯಲ್ಲಿ ಅಮ್ಮ ತನ್ನನ್ನು ಸೊಂಟದ ಮೇಲೆ ಕೂರಿಸಿಕೊಳ್ಳಲು ಆಗದೆ ಬೆರಳು ಹಿಡಿಸಿದ್ದು. ಬಾಗಿಲು ದಾಟಿದ ಮೇಲೆ ಆ ಬೆರಳನ್ನು ದೊಡ್ಡಮ್ಮ ಮೆತ್ತಗೆ ಬಿಡಿಸಿ, ಮಗೂ, ಇವತ್ತಿನಿಂದ ಇವಳು ನಿನಗೆ ಚಿಕ್ಕಮ್ಮ ಎಂದದ್ದು. ದೊಡ್ಡಮ್ಮ ಕೆಟ್ಟವರಲ್ಲ, ಅವರಷ್ಟು ಒಳ್ಳೆಯವರನ್ನು ತಾನು ಇನ್ನೊಬ್ಬರನ್ನು ಕಂಡಿಲ್ಲ ಎಂದು ಎರಡು ಸಲ ಹೇಳಿದರು. ಉಳಿದ ಮಕ್ಕಳಿಗೆ ತಾಯಿಯ ನೆನಪಿರಲಿಲ್ಲ, ಕಟ್ಟಳೆ ಅವರಿಗೆ ಹಗುರ. ತನಗೆ ನೆನಪಿತ್ತು.

"ಬಾಗಿಲಾಚೆ ಅಮ್ಮ, ಬಾಗಿಲೀಚೆ ಚಿಕ್ಕಮ್ಮ. ಒಂದು ಹೆಜ್ಜೆ ಅಂತರ, ಅಷ್ಟೇ."

ಅಮ್ಮ ಏನಾದಳು ಎಂದು ಭೂತಗನ್ನಡಿ ಕೇಳಿದಳು. ಜ್ವರ, ಎಂದರು. ಬಂದ ಎರಡನೆಯ ವರ್ಷ. ತನ್ನ ತೊಡೆಯ ಮೇಲೇ ಜೀವ ಬಿಟ್ಟಳು, ಚಿಕ್ಕವಳಿಗೆ ಆಗ ಎರಡೂ ತುಂಬಿರಲಿಲ್ಲ, ಮುಖ ನೆನಪಿರಲು ಸಾಧ್ಯವೇ ಇಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವಳಿಗೆ ಅಲ್ಲಿ ಏನೋ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಅವಳ ಕಣ್ಣು ಆ ಒಂಟಿ ಲೋಟದ ಮೇಲಿತ್ತು.

"ಹೆಸರು ಹೇಳಿ. ಜ್ವರದ್ದೂ ಹೇಳಿ," ಎಂದರು ಚಿಕ್ಕಮ್ಮ. "ನನ್ನ ವಿಷಯ ಮಾತ್ರ ಬೇಡ. ಒಂದೇ ಹಾಲ್‌ನಲ್ಲಿ ಪಕ್ಕದ ಚಾಪೇಲಿ ಮಲಗಿದವಳು, ಒಂದೇ ಊರಲ್ಲಿ ಇದ್ದವಳು, ಎಪ್ಪತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳ್ತಾಳೆ. ನಾನೇನು ಹೇಳಲಿ?"

ಭೂತಗನ್ನಡಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಾನು ಮಾತು ಕೊಟ್ಟದ್ದು ಒಂದು ಹೆಸರಿಗೆ ಎಂದಳು. ಹಾಳೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಮಂಚದ ಮೇಲಿಟ್ಟಳು. ಸಾಕ್ಷಿಯನ್ನು ಬಿಟ್ಟು ಬಂದದ್ದು ಅವಳ ವೃತ್ತಿಯಲ್ಲೇ ಮೊದಲ ಸಲ.

ಹೊರಗೆ ಟಿಕೆಟ್ ಮಾಮ ಎದ್ದು ನಿಂತ. ಸಿಕ್ಕಿತಾ ಎಂದು ಕಣ್ಣಲ್ಲೇ ಕೇಳಿದ. ಅವಳು ಅವನ ಭುಜ ತಟ್ಟಿದಳು. ಒಂದು ವಾರ ಅವನ ಮೇಲೆ ಅನುಮಾನ ಪಟ್ಟದ್ದಕ್ಕೆ ಬೇರೆ ಹೇಗೆ ಕ್ಷಮೆ ಕೇಳುವುದೆಂದು ಹೊಳೆಯಲಿಲ್ಲ.

ಬಸ್ಸು ತಡವಾಗಿ ಬಂತು, ತುಂಬಿ ಬಂತು. ಅವಳು ಕಂಬ ಹಿಡಿದು ನಿಂತು ಆ ಮೂರಕ್ಷರವನ್ನು ಬಾಯೊಳಗೇ ಹೇಳಿಕೊಳ್ಳುತ್ತ ಹೋದಳು. ಮರೆತುಹೋದರೆ ಎಂಬ ಭಯಕ್ಕಲ್ಲ. ಎಷ್ಟೋ ವರ್ಷಗಳಿಂದ ಯಾರೂ ಕರೆಯದ ಹೆಸರು, ನಾಲಿಗೆಯ ಮೇಲೆ ಸ್ವಲ್ಪ ಬೆಚ್ಚಗಿರಲಿ ಎಂದು. ನನ್ನ ಹೆಸರನ್ನು ಕೊನೆಯ ಸಲ ಯಾರು ಕರೆದರು ಎಂದು ಯೋಚಿಸಿದಳು. ಹೆಸರನ್ನು, ಭೂತಗನ್ನಡಿ ಎಂದಲ್ಲ. ಬಸ್ಸು ಎರಡು ನಿಲ್ದಾಣ ದಾಟಿದರೂ ನೆನಪಾಗಲಿಲ್ಲ.

ವಾರ್ಡಿನ ಬಾಗಿಲಲ್ಲಿ ಐದೂ ಮುಕ್ಕಾಲು. ಪ್ರತಿ ಮಂಚದ ಸುತ್ತಲೂ ಜನ. ಒಬ್ಬನ ಕಾಲು ಒತ್ತುವವರು, ಒಬ್ಬಳ ತಲೆ ಬಾಚುವವರು, ಹಣ್ಣು ಸುಲಿಯುವವರು, ಸುಮ್ಮನೆ ಜಗಳವಾಡುವವರು. ಕೊನೆಯ ಮಂಚದ ಪಕ್ಕದ ಸ್ಟೂಲು ಖಾಲಿ. ಅದನ್ನು ಬೇರೆ ಯಾರೋ ತೆಗೆದುಕೊಂಡು ಹೋಗದಂತೆ ಕಾಜಾ ಅಜ್ಜಿ ತನ್ನ ಚಾದರದ ಅಂಚನ್ನು ಅದರ ಕಾಲಿಗೆ ಗಂಟು ಹಾಕಿಟ್ಟಿದ್ದಳು.

"ಸೂಜಿ ಕಿತ್ಕೊಂಡ್ರು ಕಣಮ್ಮ," ಎಂದಳು. "ಇಲ್ಲಿ ಸೂಜಿ ಚುಚ್ಚೋ ಹಕ್ಕು ನರ್ಸಮ್ಮಂಗೆ ಮಾತ್ರ ಅಂತೆ."

ಭೂತಗನ್ನಡಿ ನಗಲು ಪ್ರಯತ್ನಿಸಿದಳು. ಅವಳ ಮುಖ ನೋಡಿ ಅಜ್ಜಿಯ ನಗು ತಾನಾಗಿ ಇಳಿಯಿತು. ಗಂಟು ಬಿಚ್ಚಿ ಸ್ಟೂಲು ತಳ್ಳಿದಳು. ಕೂದಲು ಸರಿಸಿ ಕಿವಿ ತೋರಿಸಿದಳು, ಲಸಿಕೆಗೆ ತೋಳು ಕೊಡುವ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು.

ಭೂತಗನ್ನಡಿ ಬಾಗಿ ಆ ಮೂರಕ್ಷರವನ್ನು ಹೇಳಿದಳು. ಅದು ಅಜ್ಜಿಯ ಸ್ವತ್ತು. ಪಕ್ಕದ ಮಂಚದವರಿಗೂ ಕೇಳಿಸಲಿಲ್ಲ.

ಅಜ್ಜಿಯ ತುಟಿ ಅಲುಗಿತು. ಒಂದಕ್ಷರ, ಇನ್ನೊಂದು, ಮತ್ತೊಂದು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಕೂಡಿಸಿ, ಆಮೇಲೆ ದೂರದಲ್ಲಿರುವವರನ್ನು ಕರೆಯುವಂತೆ ಕೊನೆಯನ್ನು ಎಳೆದು. ಕರೆದು ಮುಗಿಸಿ ಸ್ವಲ್ಪ ಹೊತ್ತು ಕಾದಳು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು.

"ಸತ್ತಿದ್ದು ಯಾವಾಗ?"

ಜ್ವರವಂತೆ ಅಜ್ಜಿ, ಎಂದಳು ಭೂತಗನ್ನಡಿ. ನಿಮಗೆ ಎರಡು ವರ್ಷ ತುಂಬುವ ಮೊದಲೇ.

ಅಜ್ಜಿ ಕಣ್ಣು ತೆರೆದಳು. ಆ ಕಣ್ಣಿನಲ್ಲಿ ನೀರಿತ್ತು, ಆದರೆ ನೀರಿನ ಹಿಂದೆ ಏನೋ ಒಂದು ಎದ್ದು ಕೂತಂತಿತ್ತು.

"ಯಾರು ಹೇಳಿದ್ರು?"

ವಾರ್ಡಿನಲ್ಲಿ ಆರರ ಗಂಟೆ ಹೊಡೆಯಿತು. ಸುತ್ತಲೂ ಸ್ಟೂಲುಗಳು ಸರಿದ ಸದ್ದು.

"ಈ ಹೆಸರನ್ನ ನಾನು ಕೇಳಿದೀನಿ," ಎಂದಳು ಅಜ್ಜಿ, ಬಹಳ ನಿಧಾನವಾಗಿ, ಕತ್ತಲಲ್ಲಿ ಮೆಟ್ಟಿಲು ಹುಡುಕುವವಳ ಹಾಗೆ. "ಒಂದೇ ಸಲ. ಆಗ ನಂಗೆ ಒಂಬತ್ತು ವರ್ಷ. ನೀರಿನ ಚಿಕ್ಕಮ್ಮ ಬಟ್ಟೆ ಗಂಟು ಹಿಡ್ಕೊಂಡು ಬೀದೀಲಿ ನಡೆದು ಹೋಗ್ತಾ ಇದ್ಲು. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಇದೇ ಹೆಸರು ಹಿಡಿದು ಕೂಗಿದ್ರು, ಮೂರು ಸಲ. ಅವಳು ತಿರುಗಿ ನೋಡಿದ್ಲು. ನಾನೂ ಕೂಗಬೇಕು ಅಂತ ಬಾಯಿ ತೆಗೆದೆ."

ನರ್ಸ್ ಬಂದು ಭೂತಗನ್ನಡಿಯ ಭುಜ ಮುಟ್ಟಿದಳು. ಅಜ್ಜಿ ಭೂತಗನ್ನಡಿಯ ಮಣಿಕಟ್ಟು ಹಿಡಿದು ಬಿಡಲಿಲ್ಲ.

"ಹಿಂದಿನಿಂದ ಒಬ್ಬಳು ನನ್ನ ಬಾಯಿ ಮುಚ್ಚಿ ಹಿಡ್ಕೊಂಡ್ಲು. ದೊಡ್ಡ ಹುಡುಗಿ, ಹದಿನೈದು ಇರಬಹುದು. ಉಸಿರು ಕಟ್ಟೋ ಹಾಗೆ ಹಿಡಿದಿದ್ಲು. ಈಗಲೂ ಅಲ್ಲೇ ಇದಾಳಲ್ಲ ಕಣಮ್ಮ, ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು. ಅವಳೇ."